ಚಿರವ್ಯಾಧಿಗೆ ಚಿರೌಷಧ: ಕನ್ನಡನಾಡಿನಲ್ಲಿ ಅಪಸ್ಮಾರ ಚಿಕಿತ್ಸೆಯ ಚರಿತ್ರೆ

೧

ಔಷಧಗಳಲ್ಲಿ ಎರಡು ಬಗೆಯುಂಟು. ಜ್ವರ, ಅತಿಸಾರ ಮೊದಲಾದ ಅಲ್ಪಕಾಲದ ವ್ಯಾಧಿಗಳಿಗೆ ಕೊಡುವ ಔಷಧದ ಗುಣವು ನಾಲ್ಕಾರು ದಿನಗಳಲ್ಲಿಯೇ ತಿಳಿದುಬರುವುದು. ರೋಗವು ಹೋದರೆ ಔಷಧವೂ ನಿಲ್ಲುವುದರಿಂದ ಅದರ ಕೇಡನ್ನು ಕುರಿತು ಬಹುಕಾಲ ಚಿಂತಿಸಬೇಕಾದುದಿಲ್ಲ. ನರಮಂಡಲಕ್ಕೆ ಸಂಬಂಧಿಸಿದ ಚಿರವ್ಯಾಧಿಗಳ ವಿಷಯವು ಹೀಗಲ್ಲ. ಅಲ್ಲಿ ಔಷಧವನ್ನು ವರ್ಷಗಟ್ಟಲೆ, ಕೆಲವರಿಗೆ ಜೀವಮಾನದ ಉದ್ದಕ್ಕೂ ಸೇವಿಸಬೇಕಾಗುವುದು. ಇಂತಹ ಔಷಧವು ಮೊದಲ ತಿಂಗಳಲ್ಲಿ ಗುಣವನ್ನು ತೋರಿತೆಂದ ಮಾತ್ರಕ್ಕೆ ಹತ್ತನೆಯ ವರ್ಷದಲ್ಲಿಯೂ ಗುಣಕಾರಿಯಾಗಿರುವುದೆಂದು ಹೇಳಲಾಗದು. ಮೊದಲ ವರ್ಷದಲ್ಲಿ ಕೇಡು ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಎಂದಿಗೂ ನಿರಪಾಯವೆಂದೂ ಹೇಳಲಾಗದು.

ಹಾಗಾದರೆ ದೀರ್ಘಕಾಲ ಸೇವಿಸತಕ್ಕ ಔಷಧದ ಯೋಗ್ಯತೆಯನ್ನು ನಿರ್ಣಯಿಸುವುದು ಹೇಗೆ? ಈ ನಿರ್ಣಯವು ಎಲ್ಲಿ, ಯಾರಿಂದ, ಯಾವ ಕ್ರಮದಲ್ಲಿ ನಡೆಯಿತು? ಈ ಪ್ರಶ್ನೆಗಳನ್ನು ಅಪಸ್ಮಾರ ಚಿಕಿತ್ಸೆಯ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶವು. ಅಪಸ್ಮಾರವನ್ನೇ ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳಿರುವುವು. ನರವ್ಯಾಧಿಗಳಲ್ಲಿ ಅತ್ಯಂತ ದೀರ್ಘವಾದ ಔಷಧಚರಿತ್ರೆಯುಳ್ಳದ್ದು ಇದು. ಇದರ ದೀರ್ಘಕಾಲದ ಚಿಕಿತ್ಸೆಯನ್ನು ಹಳ್ಳಿಗಳಲ್ಲಿಯೇ ಪರೀಕ್ಷಿಸಿ ನೋಡಿದ ಕೆಲವು ಮುಖ್ಯ ಪ್ರಯತ್ನಗಳಲ್ಲೊಂದು ಕನ್ನಡನಾಡಿನಲ್ಲಿ ನಡೆದಿರುವುದು. ಆ ಪ್ರಯತ್ನದ ಫಲವು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳ ಸೀಮೆಗೆ, ಅದರಲ್ಲಿಯೂ ಕೊರಟಗೆರೆಯಂತಹ ಚಿಕ್ಕ ತಾಲ್ಲೂಕಿಗೆ, ಹೇಗೆ ಅನ್ವಯಿಸುವುದೆಂಬುದನ್ನು ಕಡೆಯಲ್ಲಿ ನೋಡೋಣ.

೨

ಅಪಸ್ಮಾರವೆಂದರೆ ಸ್ಮೃತಿಯು ತಪ್ಪಿಹೋಗುವುದೆಂದು ಅರ್ಥ. ನಮ್ಮ ಜನರು ಇದನ್ನು ಮೂರ್ಛೆರೋಗವೆಂದೂ ಮಲರೋಗವೆಂದೂ ಕರೆಯುವರು. ಈಚೆಗೆ ಫಿಟ್ಸ್ ಎಂಬ ಮಾತೂ ಹಳ್ಳಿಗಳಲ್ಲಿ ಬಳಕೆಯಾಗಿದೆ. ಚರಕಸಂಹಿತೆಯಲ್ಲಿ ಇದರ ನಿದಾನಕ್ಕೊಂದು, ಚಿಕಿತ್ಸೆಗೊಂದು ಅಧ್ಯಾಯವು ಪ್ರತ್ಯೇಕವಾಗಿ ಮೀಸಲಾಗಿದೆ; ಸುಶ್ರುತಸಂಹಿತೆಯು ಉತ್ತರತಂತ್ರದಲ್ಲಿ ಇದನ್ನು ಪ್ರತಿಪಾದಿಸುವುದು. ಬ್ರಾಹ್ಮಿ, ಬಜೆ ಮೊದಲಾದ ಮೂಲಿಕೆಗಳೂ ಪಂಚಗವ್ಯದಿಂದ ಸಿದ್ಧವಾದ ಘೃತವೂ ಇದಕ್ಕೆ ಹೇಳಿದ ಔಷಧಗಳಲ್ಲಿ ಮುಖ್ಯವಾದುವು. ಮೂಲಿಕೆಗಳಿಗೆ ಹೆಸರಾದ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಜನರು ಇಂದಿಗೂ ಔಷಧವನ್ನರಸಿ ಹೋಗುವುದುಂಟು.

ಪ್ರಾಚೀನರ ಮಾತಿನಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದ ಎರಡು ಅಂಶಗಳಿವೆ. ಅಪಸ್ಮಾರವು ಬಹುಕಾಲ ನಿಲ್ಲತಕ್ಕದ್ದು, ಬೇರೂರಿದ ಮೇಲೆ ಕಷ್ಟಸಾಧ್ಯವಾದದ್ದು, ಆದುದರಿಂದ ಅದಕ್ಕೆ ಪ್ರಾಯಶಃ ರಸಾಯನಗಳಿಂದಲೇ, ಎಂದರೆ ದೀರ್ಘಸೇವನೆಯ ಔಷಧಗಳಿಂದಲೇ, ಚಿಕಿತ್ಸೆ ನಡೆಸಬೇಕೆಂದು ಚರಕನು ವಿಧಿಸಿರುವನು. ಅಲ್ಲದೆ ಈ ರೋಗವುಳ್ಳವನನ್ನು ನೀರು, ಬೆಂಕಿ, ಮರ, ಬೆಟ್ಟ ಮೊದಲಾದ ಅಪಾಯಸ್ಥಳಗಳಿಂದ ಸದಾ ಕಾಪಾಡಬೇಕೆಂದೂ ಹೇಳಿರುವನು. ಈ ಎರಡನೆಯ ಮಾತಿನ ಯಥಾರ್ಥತೆಯನ್ನು ಹಳ್ಳಿಯಲ್ಲಿ ವಾಸಮಾಡಿದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಒಲೆಯ ಮುಂದೆ ಕುಳಿತ ಹೆಂಗಸಿಗೂ ಕೆರೆಯ ಏರಿಯ ಮೇಲೆ ದನ ಕಾಯುವ ಹುಡುಗನಿಗೂ ಒಂದೇ ಒಂದು ಸೆಳವು ಪ್ರಾಣಾಂತಕವಾಗಬಹುದು. ಸೆಳವು ಬಂದವನ ಕೈಗೆ ಕಬ್ಬಿಣದ ಬೀಗದ ಕೈಯನ್ನು ಕೊಡುವ ರೂಢಿಯು ಇಂದಿಗೂ ಇದೆ. ಸೆಳವು ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿ ನಿಲ್ಲುವುದರಿಂದ ಕಬ್ಬಿಣವೇ ಅದನ್ನು ನಿಲ್ಲಿಸಿತೆಂಬ ಭ್ರಾಂತಿಯು ಹುಟ್ಟಿತು. ಒಂದು ಸೆಳವಿನ ಮೇಲೆ ಉಪಾಯವೊಂದರ ಫಲವನ್ನು ಅಳೆಯಲಾಗದು. ವರ್ಷಗಳ ಲೆಕ್ಕವನ್ನೇ ನೋಡಬೇಕು. ಮುಂದೆ ಹೇಳತಕ್ಕ ಚರಿತ್ರೆಯೆಲ್ಲವೂ ಈ ಸಣ್ಣ ತತ್ತ್ವದ ವಿಸ್ತಾರವೆನ್ನಬಹುದು.

೩

ಪಾಶ್ಚಾತ್ಯ ವೈದ್ಯದಲ್ಲಿ ಅಪಸ್ಮಾರಕ್ಕೆ ನಿಜವಾಗಿ ಗುಣವನ್ನುಂಟುಮಾಡಿದ ಮೊದಲ ಔಷಧವು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಲವಣವು. ೧೮೫೭ನೆಯ ಇಸವಿಯ ಮೇ ತಿಂಗಳಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಸರ್ ಚಾರ್ಲ್ಸ್ ಲೊಕಾಕ್ ಎಂಬ ವೈದ್ಯನು, ಋತುಕಾಲದಲ್ಲಿ ಸೆಳವು ಬರುತ್ತಿದ್ದ ೧೫ ಮಂದಿ ಸ್ತ್ರೀಯರಿಗೆ ತಾನು ಈ ಲವಣವನ್ನು ಕೊಟ್ಟುದಾಗಿಯೂ ಅವರಲ್ಲಿ ೧೪ ಮಂದಿಗೆ ಗುಣವಾದುದಾಗಿಯೂ ತಿಳಿಸಿದನು. ಅಪಸ್ಮಾರದ ಕಾರಣವನ್ನು ಕುರಿತು ಅವನಿಗಿದ್ದ ಅಭಿಪ್ರಾಯವು ಮುಂದೆ ನಿಲ್ಲಲಿಲ್ಲ. ಔಷಧವು ಮಾತ್ರ ನಿಂತಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ಮುಖ್ಯ ಔಷಧವಾಗಿದ್ದಿತು. ಆದರೆ ಬ್ರೋಮೈಡ್ ಶರೀರದಿಂದ ಬಹು ನಿಧಾನವಾಗಿ ಹೊರಹೋಗುವುದು. ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಅದು ಸಂಚಯವಾಗಿ ಚರ್ಮದಲ್ಲಿ ಗುಳ್ಳೆಗಳನ್ನೂ ಬುದ್ಧಿಯಲ್ಲಿ ಜಡತೆಯನ್ನೂ ಉಂಟುಮಾಡುತ್ತಿತ್ತು. ಸೆಳವು ಕಡಮೆಯಾದರೂ ಮನುಷ್ಯನು ಮಂಕಾಗುತ್ತಿದ್ದನು. ದೀರ್ಘಸೇವನೆಯ ಔಷಧದಲ್ಲಿ ಗುಣವನ್ನೂ ಕೇಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕೆಂಬ ಪಾಠವನ್ನು ವೈದ್ಯರು ಕಲಿತದ್ದು ಇಲ್ಲಿಯೇ.

೧೯೧೨ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ತರುಣ ವೈದ್ಯನು ಎರಡನೆಯ ಔಷಧವನ್ನು ಕಂಡುಹಿಡಿದನು. ಲ್ಯೂಮಿನಾಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿದ್ದ ಫೀನೋಬಾರ್ಬಿಟಾಲ್ ನಿದ್ರೆಯನ್ನು ತರತಕ್ಕ ಔಷಧವು. ಅದನ್ನು ತನ್ನ ರೋಗಿಗಳಿಗೆ ಕೊಟ್ಟಾಗ ಅವರಲ್ಲಿ ಅಪಸ್ಮಾರವುಳ್ಳವರಿಗೆ ಸೆಳವು ಕಡಮೆಯಾದುದನ್ನು ಅವನು ಗಮನಿಸಿ ಪ್ರಕಟಿಸಿದನು. ಈ ಔಷಧವು ಬಹು ಅಗ್ಗವಾದುದು. ಶರೀರದಲ್ಲಿ ದಿನಗಟ್ಟಲೆ ನಿಲ್ಲುವುದರಿಂದ ರಾತ್ರಿ ಒಂದಾವರ್ತಿ ನುಂಗಿದರೆ ಸಾಕಾಗುವುದು. ನೂರು ವರ್ಷಗಳು ಕಳೆದರೂ ಇದು ಬಳಕೆಯಿಂದ ತಪ್ಪಿಲ್ಲ.

ಮೂರನೆಯದಾದ ಫೆನಿಟಾಯಿನ್ ಔಷಧದ ಕಥೆಯು ವಿಚಿತ್ರವಾದುದು. ೧೯೦೮ರಲ್ಲಿಯೇ ಹೈನ್‌ರಿಖ್ ಬಿಲ್ಟ್ಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಇದನ್ನು ತಯಾರಿಸಿದ್ದನು. ಮೂವತ್ತು ವರ್ಷಗಳವರೆಗೆ ಇದರ ಉಪಯೋಗವು ಯಾರಿಗೂ ಹೊಳೆಯಲಿಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಟ್ರೇಸಿ ಪಟ್ನಮ್ ಮತ್ತು ಹೂಸ್ಟನ್ ಮೆರಿಟ್ ಎಂಬವರು ಬೆಕ್ಕುಗಳಲ್ಲಿ ವಿದ್ಯುತ್ತಿನಿಂದ ಸೆಳವನ್ನುಂಟುಮಾಡಿ, ಅದನ್ನು ತಡೆಯಬಲ್ಲ ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬಂದು, ೧೯೩೮ರಲ್ಲಿ ಇದರ ಗುಣವನ್ನು ಸ್ಥಾಪಿಸಿದರು. ಮಂಪರನ್ನು ತಾರದೆಯೂ ಸೆಳವನ್ನು ತಡೆಯಬಹುದೆಂಬುದು ಇದರಿಂದ ಸಿದ್ಧವಾಯಿತು. ಅನಂತರ ಕಾರ್ಬಮಾಜೆಪೈನ್, ವ್ಯಾಲ್ಪ್ರೋಯೇಟ್ ಮೊದಲಾದುವು ಬಂದುವು. ವ್ಯಾಲ್ಪ್ರೋಯೇಟಿನ ಗುಣವು ೧೯೬೨ರಲ್ಲಿ ಫ್ರಾನ್ಸ್ ದೇಶದ ಗ್ರನೋಬಲ್ ನಗರದಲ್ಲಿ ಆಕಸ್ಮಿಕವಾಗಿ ಬೆಳಕಿಗೆ ಬಂದಿತು.

ಮೈಸೂರು ಸಂಸ್ಥಾನದಲ್ಲಿ ಮನೋರೋಗ ಮತ್ತು ನರರೋಗಗಳ ಚಿಕಿತ್ಸೆಯ ಕೇಂದ್ರವು ಬೆಂಗಳೂರೇ ಆಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಸಂಸ್ಥೆಯು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. ಅದರೊಡನೆ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ೧೯೭೪ರ ಡಿಸೆಂಬರಿನಲ್ಲಿ ಎರಡೂ ಕೂಡಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದುವು. ಜನರು ಇದನ್ನು ನಿಮ್ಹಾನ್ಸ್ ಎಂದು ಕರೆಯುವರು.

೪

ಔಷಧಗಳು ದೊರೆತುವು, ಆಸ್ಪತ್ರೆಯೂ ದೊರೆಯಿತು. ಆದರೆ ಹಳ್ಳಿಗಳಲ್ಲಿ ಈ ರೋಗವು ಎಷ್ಟು ಮಂದಿಗಿದೆ, ಅವರಿಗೆ ಔಷಧವು ಮುಟ್ಟುತ್ತಿದೆಯೆ, ಮುಟ್ಟಿದರೆ ವರ್ಷಗಟ್ಟಲೆ ನಡೆಯುತ್ತಿದೆಯೆ ಎಂಬುದು ಆಸ್ಪತ್ರೆಯಲ್ಲಿ ಕುಳಿತು ತಿಳಿಯತಕ್ಕದ್ದಲ್ಲ. ಇದಕ್ಕಾಗಿ ಮನೆಮನೆಗೂ ಹೋಗಿ ಎಣಿಸಬೇಕಾಯಿತು. ಕೊರಟಗೆರೆ, ಮಧುಗಿರಿಗಳಿಗೆ ಪೂರ್ವದಲ್ಲಿ ನೆರೆಯಾದ ಗೌರಿಬಿದನೂರಿನಲ್ಲಿ ಡಾಕ್ಟರ್ ಎಂ. ಗೌರಿದೇವಿಯವರೂ ಅವರ ಸಹೋದ್ಯೋಗಿಗಳೂ ೫೭,೦೦೦ಕ್ಕಿಂತ ಹೆಚ್ಚು ಜನರಲ್ಲಿ ನರರೋಗಗಳ ಗಣತಿಯನ್ನು ನಡೆಸಿ ೧೯೮೭ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅನಂತರ ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶಗಳ ೧,೦೨,೫೫೭ ಜನರಲ್ಲಿ ನಡೆಸಿದ ದೊಡ್ಡ ಗಣತಿಯ ವಿವರವು ೨೦೦೪ರಲ್ಲಿ ಹೊರಬಂದಿತು. ನಗರದಲ್ಲಿ ಅಪಸ್ಮಾರವು ಸಾವಿರಕ್ಕೆ ಸುಮಾರು ೫.೭ರಂತೆಯೂ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು ೧೧.೯ರಂತೆಯೂ ಇರುವುದೆಂದು ಅದರಲ್ಲಿ ಕಂಡುಬಂದಿತು. ವೈದ್ಯರು ಹೆಚ್ಚಾಗಿರುವ ಕಡೆ ರೋಗವು ಕಡಮೆ, ರೋಗವು ಹೆಚ್ಚಾಗಿರುವ ಕಡೆ ವೈದ್ಯರು ಕಡಮೆ ಎಂಬ ವಿಪರೀತವು ಇದರಿಂದ ಸ್ಪಷ್ಟವಾಗುವುದು.

ನಮ್ಮ ವಿಚಾರಕ್ಕೆ ಇದಕ್ಕಿಂತಲೂ ಮುಖ್ಯವಾದುದು ಯಳಂದೂರಿನ ಪರೀಕ್ಷೆಯು. ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಈ ಊರು ಬಿಳಿಗಿರಿರಂಗನ ಬೆಟ್ಟದ ಅಡಿಯಲ್ಲಿರುವುದು. ತಾಲ್ಲೂಕು ಕರ್ನಾಟಕದ ಅತಿ ಚಿಕ್ಕ ತಾಲ್ಲೂಕುಗಳಲ್ಲೊಂದು. ಬೆಂಗಳೂರಿನ ನರರೋಗತಜ್ಞ ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ಇಲ್ಲಿ ಸುಮಾರು ೬೫,೦೦೦ ಜನರನ್ನು ವಿಚಾರಿಸಿ, ಅಪಸ್ಮಾರವು ಸಾವಿರಕ್ಕೆ ನಾಲ್ಕೈದು ಮಂದಿಗೆ ಇರುವುದನ್ನು ಕಂಡುಕೊಂಡರು. ಬಳಿಕ ಸರ್ವಾಂಗದ ಸೆಳವುಳ್ಳ ೧೩೫ ಮಂದಿಗೆ ಫೀನೋಬಾರ್ಬಿಟಾಲನ್ನಾಗಲಿ ಫೆನಿಟಾಯಿನನ್ನಾಗಲಿ ಕೊಟ್ಟು, ಅವರನ್ನು ವರ್ಷಗಟ್ಟಲೆ ಅನುಸರಿಸಿ, ಫಲಿತಾಂಶವನ್ನು ೨೦೦೧ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಸ ಔಷಧವನ್ನಾಗಲಿ ದುಬಾರಿ ಯಂತ್ರವನ್ನಾಗಲಿ ಅವರು ಉಪಯೋಗಿಸಲಿಲ್ಲ. ಹಳೆಯ, ಅಗ್ಗವಾದ ಎರಡು ಗುಳಿಗೆಗಳನ್ನು ತಪ್ಪದೆ ಕೊಟ್ಟರೆ ಹಳ್ಳಿಯಲ್ಲಿ ಏನಾಗುವುದೆಂಬುದೇ ಅವರ ಪ್ರಶ್ನೆಯು.

ಉತ್ತರವು ಆಶಾಜನಕವಾಗಿದ್ದಿತು. ಔಷಧವನ್ನು ಕ್ರಮವಾಗಿ ಸೇವಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೆಳವು ಎರಡು ವರ್ಷಗಳಿಗೆ ಕಡಮೆಯಿಲ್ಲದಂತೆ ನಿಂತುಹೋಯಿತು. ಚಿಕಿತ್ಸೆಗೆ ಮೊದಲು ಒಟ್ಟು ಮೂವತ್ತಕ್ಕಿಂತ ಕಡಮೆ ಸೆಳವುಗಳನ್ನು ಅನುಭವಿಸಿದ್ದವರಿಗೆ ಫಲವು ಚೆನ್ನಾಗಿಯೂ, ಅದಕ್ಕಿಂತ ಹೆಚ್ಚು ಅನುಭವಿಸಿದ್ದವರಿಗೆ ಅಷ್ಟು ಚೆನ್ನಾಗಿಲ್ಲದೆಯೂ ಕಂಡುಬಂದಿತು. ಎರಡು ಔಷಧಗಳೊಳಗಿನ ಭೇದಕ್ಕಿಂತ, ಬೇಗ ಆರಂಭಿಸಿದುದು ಮತ್ತು ತಪ್ಪದೆ ಸೇವಿಸಿದುದು ಎಂಬ ಎರಡು ಸಂಗತಿಗಳೇ ಫಲವನ್ನು ಹೆಚ್ಚಾಗಿ ನಿರ್ಣಯಿಸಿದುವೆಂದು ಇದರಿಂದ ಊಹಿಸಬಹುದು. ಬೇರೂರಿದ ಮೇಲೆ ಕಷ್ಟಸಾಧ್ಯವೆಂಬ ಚರಕನ ಮಾತು ಯಳಂದೂರಿನ ಹಳ್ಳಿಗಳಲ್ಲಿ ಅಂಕಿಗಳಿಂದ ಸಮರ್ಥಿತವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಈ ಪರೀಕ್ಷೆಯು ಒಂಟಿಯಾಗಿ ನಿಂತುದಲ್ಲ. ಕೆನ್ಯಾ ದೇಶದ ನಕೂರು ಪ್ರಾಂತದಲ್ಲಿ ೩೦೨ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಮಾಡಿ, ಒಂದಕ್ಕೆ ಫೀನೋಬಾರ್ಬಿಟಾಲನ್ನೂ ಇನ್ನೊಂದಕ್ಕೆ ಕಾರ್ಬಮಾಜೆಪೈನನ್ನೂ ಕೊಟ್ಟ ಪರೀಕ್ಷೆಯು ೧೯೯೧ರಲ್ಲಿ ಪ್ರಕಟವಾಗಿದ್ದಿತು. ಎರಡು ಗುಂಪುಗಳಲ್ಲಿಯೂ ಗುಣವು ಸರಿಸಮವಾಗಿದ್ದಿತು. ಚೀನಾದೇಶದ ಹಳ್ಳಿಗಳಲ್ಲಿ ೨,೪೫೫ ಮಂದಿಗೆ ಫೀನೋಬಾರ್ಬಿಟಾಲನ್ನು ಕೊಟ್ಟ ವಿವರವು ೨೦೦೬ರಲ್ಲಿ ಹೊರಬಂದಿತು. ಒಂದು ವರ್ಷವನ್ನು ಪೂರೈಸಿದವರಲ್ಲಿ ಶೇಕಡಾ ೬೮ ಮಂದಿಗೆ ಸೆಳವುಗಳು ಅರ್ಧಕ್ಕಿಂತಲೂ ಕೆಳಗಿಳಿದುವು.

೫

ಗುಣದ ಮಾತು ಇಷ್ಟಾಯಿತು. ಇನ್ನು ಕೇಡಿನ ವಿಚಾರವು. ದೀರ್ಘಕಾಲದ ಔಷಧಗಳ ಕೇಡುಗಳೆಲ್ಲವೂ ಒಂದೇ ಸಮಯದಲ್ಲಿ ಕಾಣಿಸಿಕೊಳ್ಳುವುದಿಲ್ಲವೆಂಬುದಕ್ಕೆ ಫೆನಿಟಾಯಿನ್ ಒಳ್ಳೆಯ ನಿದರ್ಶನವು. ಅದನ್ನು ಸೇವಿಸುವವರ ವಸಡು ಊದಿಕೊಂಡು ಬೆಳೆಯುವುದೆಂಬುದು ೧೯೩೯ರಲ್ಲಿ, ಎಂದರೆ ಔಷಧವು ಬಂದ ಮರುವರ್ಷವೇ, ತಿಳಿಯಿತು. ಏಕೆಂದರೆ ಅದು ಬಾಯಿ ತೆರೆದರೆ ಕಾಣುವಂತಹುದು. ಆದರೆ ಈ ಬಗೆಯ ಔಷಧಗಳು ಶರೀರದಲ್ಲಿ ಡಿ ಜೀವಸತ್ವವನ್ನು ಬೇಗ ಕ್ಷಯಗೊಳಿಸಿ ಎಲುಬುಗಳನ್ನು ಸಡಿಲಗೊಳಿಸುವುವೆಂಬುದು ಗೊತ್ತಾಗಲು ಸುಮಾರು ಮೂವತ್ತು ವರ್ಷಗಳು ಬೇಕಾದುವು. ಗರ್ಭಿಣಿಯರು ಸೇವಿಸಿದರೆ ಶಿಶುವಿಗೆ ತುಟಿ ಸೀಳುವುದೇ ಮೊದಲಾದ ವೈಕಲ್ಯಗಳುಂಟಾಗಬಹುದೆಂಬ ಸಂಶಯವನ್ನು ಎಸ್. ಆರ್. ಮೆಡೋ ಎಂಬ ವೈದ್ಯನು ೧೯೬೮ರಲ್ಲಿ ಎತ್ತಿದನು. ವ್ಯಾಲ್ಪ್ರೋಯೇಟಿನ ವಿಷಯದಲ್ಲಿ ಕಾಲವು ಇನ್ನೂ ನಿಧಾನವಾಗಿ ಸಾಕ್ಷ್ಯ ನುಡಿಯಿತು. ತಾಯಿಯು ಅದನ್ನು ಸೇವಿಸುತ್ತಿದ್ದರೆ ಮಗುವಿನ ಬುದ್ಧಿಶಕ್ತಿಯು ಮೂರನೆಯ ವರ್ಷದಲ್ಲಿ ಇತರ ಔಷಧಗಳನ್ನು ಸೇವಿಸಿದವರ ಮಕ್ಕಳಿಗಿಂತ ಕಡಮೆಯಾಗಿರುವುದೆಂದು ೨೦೦೯ರಲ್ಲಿ ಸಿದ್ಧವಾಯಿತು. ಅಷ್ಟು ಹೊತ್ತಿಗೆ ಆ ಔಷಧವು ಬಳಕೆಗೆ ಬಂದು ನಾಲ್ವತ್ತು ವರ್ಷಗಳಾಗಿದ್ದುವು. ಇಂತಹ ಸಂಗತಿಗಳನ್ನು ಗರ್ಭಿಣಿಯರಲ್ಲಿ ಕ್ರಮವಾಗಿ ದಾಖಲೆ ಮಾಡುವ ಕೆಲಸವು ನೆರೆಯ ಕೇರಳದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ೧೯೯೮ರಲ್ಲಿ ಆರಂಭವಾಯಿತು.

ಕೇಡುಗಳನ್ನು ಕುರಿತ ಭಯವೂ ಕೆಲವು ವೇಳೆ ಮಿತಿಮೀರುವುದುಂಟು. ಫೀನೋಬಾರ್ಬಿಟಾಲು ಮಕ್ಕಳನ್ನು ಚಂಚಲರನ್ನಾಗಿಯೂ ಹಟಮಾರಿಗಳನ್ನಾಗಿಯೂ ಮಾಡುವುದೆಂದು ಹೇಳಿ ಪಾಶ್ಚಾತ್ಯ ವೈದ್ಯರಲ್ಲಿ ಅನೇಕರು ಅದನ್ನು ಬಿಟ್ಟುಬಿಟ್ಟರು. ಪಶ್ಚಿಮ ಬಂಗಾಳದ ಹಳ್ಳಿಗಳ ೯೪ ಮಂದಿ ಮಕ್ಕಳಲ್ಲಿ ಇದನ್ನು ಫೆನಿಟಾಯಿನಿನೊಡನೆ ಹೋಲಿಸಿದ ಪರೀಕ್ಷೆಯು ೧೯೯೮ರಲ್ಲಿ ಪ್ರಕಟವಾಯಿತು. ಫೀನೋಬಾರ್ಬಿಟಾಲಿನಿಂದ ನಡತೆಯಲ್ಲಿ ಸಹಿಸಲಾಗದ ಕೇಡು ಹೆಚ್ಚಾಗಿ ಉಂಟಾಗುವುದೆಂಬುದು ಅಲ್ಲಿ ಸಮರ್ಥಿತವಾಗಲಿಲ್ಲ. ಮಂಪರು, ಜಡತೆಗಳು ಇಲ್ಲವೆಂದಲ್ಲ. ಅವನ್ನು ಸೆಳವಿನ ಅಪಾಯದೊಡನೆ ತೂಗಿ ನೋಡಬೇಕೆಂಬುದಷ್ಟೇ ಇಲ್ಲಿನ ತಾತ್ಪರ್ಯವು.

ಆದರೆ ಈ ಔಷಧಗಳ ಅತ್ಯಂತ ಘೋರವಾದ ಕೇಡು ಸೇವಿಸುವುದರಿಂದಲ್ಲ, ತಟ್ಟನೆ ನಿಲ್ಲಿಸುವುದರಿಂದ ಉಂಟಾಗತಕ್ಕದ್ದು. ಫೀನೋಬಾರ್ಬಿಟಾಲಿಗೆ ಒಗ್ಗಿದ ಮೆದುಳು ಅದು ಇದ್ದಕ್ಕಿದ್ದಂತೆ ತಪ್ಪಿದರೆ ಮೊದಲಿಗಿಂತಲೂ ತೀವ್ರವಾಗಿ ಕೆರಳುವುದು. ಒಂದರ ಹಿಂದೊಂದು ಸೆಳವು ಎಡೆಬಿಡದೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಇದರಿಂದ ಒಂದು ಮುಖ್ಯ ವಿಷಯವು ಹೊರಡುವುದು. ಔಷಧದ ನಿರಪಾಯತೆಯು ಔಷಧದೊಳಗೆ ಮಾತ್ರ ಅಡಗಿರುವ ಗುಣವಲ್ಲ. ಅದು ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಎಡೆಬಿಡದೆ ದೊರೆಯುವುದನ್ನೂ ಅವಲಂಬಿಸಿರುವುದು. ಇಂದು ದೊರೆತು ಮುಂದಿನ ತಿಂಗಳು ದೊರೆಯದ ಗುಳಿಗೆಯು, ಎಷ್ಟೇ ಉತ್ತಮವಾದುದಾದರೂ, ಅಪಾಯಕರವಾದ ಗುಳಿಗೆಯೇ ಸರಿ.

ಸೆಳವು ನಿಂತ ಮೇಲೆ ಔಷಧವನ್ನು ಎಂದು ಬಿಡಬಹುದು? ಎರಡು ವರ್ಷಗಳಿಗೆ ಕಡಮೆಯಿಲ್ಲದೆ ಸೆಳವಿಲ್ಲದಿದ್ದ ೧,೦೧೩ ಮಂದಿಯಲ್ಲಿ ನಡೆದ ಪರೀಕ್ಷೆಯು ೧೯೯೧ರಲ್ಲಿ ಇದಕ್ಕೆ ಉತ್ತರವಿತ್ತಿತು. ಔಷಧವನ್ನು ಮುಂದುವರಿಸಿದವರಲ್ಲಿ ಶೇಕಡಾ ೭೮ ಮಂದಿ ಮತ್ತೆರಡು ವರ್ಷ ಸೆಳವಿಲ್ಲದೆ ಉಳಿದರು; ನಿಧಾನವಾಗಿ ಬಿಟ್ಟವರಲ್ಲಿ ಶೇಕಡಾ ೫೯ ಮಂದಿ ಉಳಿದರು. ಬಿಟ್ಟವರೆಲ್ಲರೂ ಕೆಡಲಿಲ್ಲ, ಮುಂದುವರಿಸಿದವರೆಲ್ಲರೂ ಉಳಿಯಲಿಲ್ಲ. ಆದುದರಿಂದ ಬಿಡುವ ವಿಚಾರವನ್ನು ವೈದ್ಯನೊಡನೆ ಆಲೋಚಿಸಿ, ಪ್ರಮಾಣವನ್ನು ತಿಂಗಳುಗಟ್ಟಲೆ ಇಳಿಸುತ್ತ ನಡೆಸಬೇಕಾಗುವುದು.

೬

ಔಷಧವನ್ನು ಮಿತಗೊಳಿಸಿಯೂ ಗುಣವನ್ನು ಪಡೆಯಬಹುದೆಂಬುದಕ್ಕೆ ಕನ್ನಡನಾಡೇ ಒಂದು ವಿಶಿಷ್ಟವಾದ ಉದಾಹರಣೆಯನ್ನು ಒದಗಿಸಿರುವುದು. ಹಂಡೆಯಲ್ಲಿ ಕಾಯಿಸಿದ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಬೇಗಬೇಗನೆ ಸುರಿದುಕೊಳ್ಳುವಾಗ ಕೆಲವರಿಗೆ ಸೆಳವು ಬರುವುದು. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರವೆನ್ನುವರು. ಇದನ್ನು ಮೊದಲು ವರ್ಣಿಸಿದವನು ೧೯೪೫ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯನಾದರೂ, ಇದು ಹೆಚ್ಚಾಗಿ ಕಂಡುಬಂದುದು ದಕ್ಷಿಣ ಕರ್ನಾಟಕದಲ್ಲಿಯೇ. ಡಾಕ್ಟರ್ ಮಣಿ ಮತ್ತು ಸಂಗಡಿಗರು ೧೯೭೨ರಲ್ಲಿ ಇಂತಹ ೬೦ ಮಂದಿಯ ವಿವರವನ್ನೂ, ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ೧೯೮೮ರಲ್ಲಿ ೨೭೯ ಮಂದಿಯ ವಿವರವನ್ನೂ ಪ್ರಕಟಿಸಿದರು.

ಇದರ ಚಿಕಿತ್ಸೆಯ ಕ್ರಮವು ಗಮನಾರ್ಹವಾದುದು. ನೀರಿನ ಬಿಸಿಯನ್ನು ಇಳಿಸುವುದು, ತಲೆಯ ಮೇಲೆ ಒಂದೇ ಸಮನೆ ಸುರಿಯದಿರುವುದು ಇವೇ ಮೊದಲ ಔಷಧಗಳು. ಇವು ಸಾಲದಾದಾಗ, ಪ್ರತಿದಿನವೂ ಗುಳಿಗೆಯನ್ನು ಕೊಡುವುದಕ್ಕೆ ಬದಲಾಗಿ, ತಲೆಗೆ ಸ್ನಾನ ಮಾಡುವ ದಿನ ಮಾತ್ರ ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಔಷಧವನ್ನು ಕೊಡುವ ಪದ್ಧತಿಯನ್ನು ಬೆಂಗಳೂರಿನ ವೈದ್ಯರು ಬಳಕೆಗೆ ತಂದರು. ವಾರಕ್ಕೊಂದೆರಡಾವರ್ತಿ ತಲೆಗೆ ನೀರು ಹಾಕಿಕೊಳ್ಳುವ ಮನೆಯ ರೂಢಿಯನ್ನು ತಿಳಿದುಕೊಂಡುದರಿಂದಲೇ ಔಷಧದ ಭಾರವು ಇಷ್ಟು ಹಗುರವಾಯಿತು. ಎಲ್ಲ ಬಗೆಯ ಸೆಳವಿಗೂ ಈ ಕ್ರಮವು ಸಲ್ಲದೆಂಬುದನ್ನು ಮಾತ್ರ ವಾಚಕರು ಮರೆಯಬಾರದು. ಸ್ನಾನವಿಲ್ಲದೆಯೂ ಸೆಳವು ಬರುವವರಿಗೆ ನಿತ್ಯಸೇವನೆಯ ಔಷಧವೇ ಬೇಕಾಗುವುದು.

೭

ಮೇಲಿನ ವಿಚಾರವು ಅಪಸ್ಮಾರವೊಂದಕ್ಕೇ ಸಂಬಂಧಿಸಿದುದಲ್ಲ. ನರಗಳ ಹೊದಿಕೆಯು ಅಲ್ಲಲ್ಲಿ ನಾಶವಾಗಿ ದೃಷ್ಟಿ, ನಡಿಗೆ ಮೊದಲಾದುವು ಕುಂದುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಚಿರವ್ಯಾಧಿಯಲ್ಲಿಯೂ ಇದೇ ಪ್ರಶ್ನೆಯು ಈಚಿನ ಮೂರು ದಶಕಗಳಿಂದ ಎದ್ದಿದೆ. ಭಾರತದಲ್ಲಿ ಈ ರೋಗವು ಇಲ್ಲವೇ ಇಲ್ಲವೆಂಬಷ್ಟು ವಿರಳವೆಂದು ಹಿಂದೆ ಭಾವಿಸಲಾಗಿತ್ತು. ಮಂಗಳೂರು ನಗರದಲ್ಲಿ ಡಾಕ್ಟರ್ ಲೇಖಾ ಪಂಡಿತ್ ಅವರು ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಗಣತಿಯಲ್ಲಿ ಇದು ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಕಂಡುಬಂದಿತು.

ಈ ರೋಗದ ಗತಿಯನ್ನು ತಡೆಯತಕ್ಕ ಮೊದಲ ಔಷಧವಾದ ಬೀಟಾ ಇಂಟರ್‌ಫೆರಾನಿಗೆ ೧೯೯೩ರಲ್ಲಿ ಅಮೆರಿಕದಲ್ಲಿ ಅನುಮತಿಯು ದೊರೆಯಿತು. ಅದರ ಮೂಲ ಪರೀಕ್ಷೆಗೆ ಒಳಪಟ್ಟಿದ್ದ ೩೭೨ ಮಂದಿಯನ್ನು ೨೧ ವರ್ಷಗಳ ತರುವಾಯ ಹುಡುಕಿ ವಿಚಾರಿಸಿದಾಗ, ಮೊದಲಿನಿಂದಲೇ ಔಷಧವನ್ನು ಪಡೆದವರಲ್ಲಿ ಮರಣವು ಕಡಮೆಯಾಗಿದ್ದುದು ೨೦೧೨ರಲ್ಲಿ ಪ್ರಕಟವಾಯಿತು. ಇದಕ್ಕೆ ಪ್ರತಿಯಾಗಿ ನಟಾಲಿಜುಮಾಬ್ ಎಂಬ ಇನ್ನೂ ಪ್ರಬಲವಾದ ಔಷಧವು ೨೦೦೪ರ ನವೆಂಬರಿನಲ್ಲಿ ಅನುಮತಿಯನ್ನು ಪಡೆದು, ರೋಗಿಗಳ ಮೆದುಳಿಗೆ ಸೋಂಕು ತಗಲಿದುದರಿಂದ ೨೦೦೫ರ ಫೆಬ್ರವರಿಯಲ್ಲಿಯೇ ಹಿಂದಕ್ಕೆ ತೆಗೆಯಲ್ಪಟ್ಟಿತು. ಕಟ್ಟುನಿಟ್ಟಾದ ನಿಗಾದೊಡನೆ ೨೦೦೬ರಲ್ಲಿ ಮರಳಿ ಬಂದಿತು. ಡಕ್ಲಿಜುಮಾಬ್ ಎಂಬುದು ೨೦೧೬ರಲ್ಲಿ ಬಂದು ೨೦೧೮ರಲ್ಲಿ ಶಾಶ್ವತವಾಗಿ ಹೋಯಿತು. ಇಪ್ಪತ್ತೊಂದು ವರ್ಷಗಳ ಸಾಕ್ಷ್ಯವುಳ್ಳ ಸೌಮ್ಯವಾದ ಔಷಧ, ಮೂರು ತಿಂಗಳಲ್ಲಿ ಮುಗ್ಗರಿಸಿದ ಪ್ರಬಲವಾದ ಔಷಧ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಫೀನೋಬಾರ್ಬಿಟಾಲಿನ ನೂರು ವರ್ಷಗಳ ಅನುಭವದ ಬೆಲೆಯು ನಮಗೆ ಗೊತ್ತಾಗುವುದು. ಹೊಸ ಔಷಧವು ಉತ್ತಮವಾಗಿರಬಹುದು. ಆದರೆ ಅದರ ಕೇಡುಗಳಿಗೆ ಇನ್ನೂ ಹೊರಬೀಳಲು ಸಮಯವು ದೊರೆತಿರುವುದಿಲ್ಲ.

೮

ಇನ್ನು ಕೊರಟಗೆರೆಯ ಸೀಮೆಗೆ ಬರೋಣ. ಯಳಂದೂರಿನ ಲೆಕ್ಕವನ್ನು ಹಿಡಿದರೆ ಒಂದು ಲಕ್ಷ ಜನರುಳ್ಳ ಪ್ರದೇಶದಲ್ಲಿ ನಾನೂರು ಐನೂರು ಮಂದಿಗೆ ಅಪಸ್ಮಾರವಿರಬೇಕು; ಬೆಂಗಳೂರು ಗ್ರಾಮಾಂತರದ ಲೆಕ್ಕವನ್ನು ಹಿಡಿದರೆ ಸುಮಾರು ೧,೨೦೦ ಮಂದಿಗೆ ಇರಬೇಕು. ಭಾರತದಲ್ಲಿ ಈ ರೋಗಕ್ಕೆ ಸರಿಯಾದ ಚಿಕಿತ್ಸೆಯಿಲ್ಲದೆ ಉಳಿಯುವವರ ಪ್ರಮಾಣವು ಪ್ರದೇಶವನ್ನನುಸರಿಸಿ ಶೇಕಡಾ ೨೨ರಿಂದ ೯೫ರವರೆಗೆ ವ್ಯತ್ಯಾಸವಾಗುವುದೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ; ಪಟ್ಟಣದಲ್ಲಿ ಕಡಮೆ, ಹಳ್ಳಿಯಲ್ಲಿ ಹೆಚ್ಚು. ಗುಳಿಗೆಯ ಬೆಲೆಯು ಇಲ್ಲಿ ಅಷ್ಟು ದೊಡ್ಡ ವಿಘ್ನವಲ್ಲ. ಗುಳಿಗೆಗಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗಿಬರುವ ಬಸ್ಸಿನ ಖರ್ಚು, ಅಂದಿನ ಕೂಲಿಯ ನಷ್ಟ, ಸೆಳವು ನಿಂತ ಮೇಲೆ ರೋಗವೇ ಹೋಯಿತೆಂಬ ನಂಬಿಕೆ, ಮಗಳ ರೋಗವು ಊರಿಗೆ ತಿಳಿದೀತೆಂಬ ಭಯ ಇವೇ ದೊಡ್ಡ ವಿಘ್ನಗಳು.

ಈ ಕಷ್ಟವನ್ನು ಅರಿತು ನಿಮ್ಹಾನ್ಸ್ ಸಂಸ್ಥೆಯು ಗೌರಿಬಿದನೂರು, ಮಧುಗಿರಿ, ಮದ್ದೂರು, ಕನಕಪುರ ಮೊದಲಾದ ಊರುಗಳಲ್ಲಿ ತಿಂಗಳಿಗೊಮ್ಮೆ ವಿಸ್ತರಣ ಚಿಕಿತ್ಸಾಲಯಗಳನ್ನು ನಡೆಸಿಕೊಂಡು ಬಂದಿತು. ರೋಗಿಯು ವೈದ್ಯನನ್ನು ಹುಡುಕಿಕೊಂಡು ಹೋಗುವುದಕ್ಕೆ ಬದಲಾಗಿ ವೈದ್ಯನೇ ರೋಗಿಯ ಸಮೀಪಕ್ಕೆ ಬರುವ ಈ ಏರ್ಪಾಡಿನಲ್ಲಿ ಒಂದು ತಿಂಗಳ ಗುಳಿಗೆಯನ್ನು ಕೊಡುವುದಕ್ಕಿಂತಲೂ ಮುಂದಿನ ತಿಂಗಳು ಬಂದನೆ ಇಲ್ಲವೆ ಎಂದು ನೋಡುವುದೇ ಹೆಚ್ಚು ಮುಖ್ಯವಾದುದು. ೨೦೨೨ರಲ್ಲಿ ಕರ್ನಾಟಕ ಸರ್ಕಾರವು ನಿಮ್ಹಾನ್ಸಿನ ಸಹಕಾರದೊಡನೆ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ನರರೋಗಗಳ ಚಿಕಿತ್ಸೆಯನ್ನು ಒದಗಿಸಲು ತೊಡಗಿತು. ಇದೂ ಅದೇ ದಾರಿಯ ಮುಂದಿನ ಹೆಜ್ಜೆಯಾಗಿರುವುದು.

ಲೋಕದ ಭಯಕ್ಕೆ ಕಾನೂನು ಸಹ ಒಂದು ಕಾಲದಲ್ಲಿ ಬಲವನ್ನು ಕೊಟ್ಟಿದ್ದಿತು. ೧೯೫೫ರ ಹಿಂದೂ ವಿವಾಹ ಶಾಸನಕ್ಕೆ ೧೯೭೬ರಲ್ಲಿ ತಂದ ತಿದ್ದುಪಡಿಯಲ್ಲಿ, ಪದೇಪದೇ ಅಪಸ್ಮಾರವು ಬರುವವರು ವಿವಾಹಕ್ಕೆ ಅರ್ಹರಲ್ಲವೆಂಬ ಅಂಶವು ಸೇರಿತು. ಔಷಧದಿಂದ ಸೆಳವು ನಿಂತಿದ್ದವರೂ ರೋಗವನ್ನು ಮುಚ್ಚಿಟ್ಟು ಮದುವೆಯಾಗಿ, ಮುಚ್ಚಿಡುವುದಕ್ಕಾಗಿಯೇ ಗುಳಿಗೆಯನ್ನು ಬಿಟ್ಟು, ಮತ್ತೆ ಸೆಳವಿಗೆ ಗುರಿಯಾಗುವ ಅನರ್ಥಕ್ಕೆ ಇದು ಅವಕಾಶವನ್ನಿತ್ತಿತು. ೧೯೯೯ರ ತಿದ್ದುಪಡಿಯಿಂದ ಆ ಮಾತನ್ನು ಶಾಸನದಿಂದ ತೆಗೆದುಹಾಕಲಾಯಿತು. ಶಾಸನದಿಂದ ಹೋದುದು ಮನಸ್ಸಿನಿಂದಲೂ ಹೋಗುವವರೆಗೆ, ಹೊಸದಾಗಿ ಅತ್ತೆಯ ಮನೆಗೆ ಬಂದ ಹೆಣ್ಣುಮಗಳ ಗುಳಿಗೆಯು ಅಪಾಯದಲ್ಲಿಯೇ ಇರುವುದು.

ಇದುವರೆಗಿನ ವಿಚಾರದ ಸಾರವನ್ನು ಹೀಗೆ ಸಂಗ್ರಹಿಸಬಹುದು. ಚಿರವ್ಯಾಧಿಯ ಔಷಧವನ್ನು ಪರೀಕ್ಷಿಸುವವನು ಕಾಲವೇ. ಆದರೆ ಕಾಲವು ತಾನಾಗಿ ಸಾಕ್ಷ್ಯವನ್ನು ಬರೆದಿಡುವುದಿಲ್ಲ. ವರ್ಷವರ್ಷವೂ ಅದೇ ರೋಗಿಗಳನ್ನು ಹುಡುಕಿಕೊಂಡು ಹೋಗಿ, ಗುಣವಾದುದನ್ನೂ ಕೆಟ್ಟುದನ್ನೂ ಸಮಾನವಾಗಿ ಬರೆದಿಡುವವರು ಬೇಕಾಗುವರು. ಯಳಂದೂರಿನಲ್ಲಿ ನಡೆದುದು ಅದೇ ಕೆಲಸವು. ಅಂತಹ ಒಂದು ದಾಖಲೆಯ ಪುಸ್ತಕವನ್ನು ಕೊರಟಗೆರೆ ತಾಲ್ಲೂಕಿನ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇಟ್ಟು, ಯಾರಿಗೆ ಎಷ್ಟು ಸೆಳವು ಬಂದಿತು, ಯಾರು ಗುಳಿಗೆಯನ್ನು ತಪ್ಪಿಸಿದರು, ಏತಕ್ಕೆ ತಪ್ಪಿಸಿದರು, ಯಾವ ಹೆಣ್ಣುಮಗಳು ಬಸುರಿಯಾದಳು ಎಂಬುದನ್ನು ತಿಂಗಳಿಗೊಮ್ಮೆ ಬರೆದರೆ, ಹತ್ತು ವರ್ಷಗಳಲ್ಲಿ ಈ ಸೀಮೆಯು ತನ್ನ ಔಷಧಗಳ ಗುಣದೋಷಗಳನ್ನು ತಾನೇ ಅರಿತುಕೊಳ್ಳಬಲ್ಲದು. ಅದಕ್ಕೆ ಬೇಕಾದುದು ಹೊಸ ಔಷಧವಲ್ಲ. ಹಳೆಯ ಗುಳಿಗೆಯು ಒಂದು ತಿಂಗಳೂ ತಪ್ಪದಂತೆ ದೊರೆಯುವುದು, ಮತ್ತು ಅದನ್ನು ನುಂಗಿದವರನ್ನು ಮರೆಯದಿರುವುದು.